ಗಂಡಿನ ಅಳತೆಗೆ ಹೊಲಿದ ಔಷಧ

1964ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಹೃದಯದ ಕಾಯಿಲೆ ಬಗ್ಗೆ ಒಂದು ಸಮ್ಮೇಳನ ನಡೆಯಿತು. ನಡೆಸಿದ್ದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಕರೆದದ್ದು ಹೆಂಗಸರನ್ನು. ಪರವಾಗಿಲ್ಲ, ಅಷ್ಟು ಹಿಂದೆಯೇ ಹೆಂಗಸರ ಹೃದಯದ ಬಗ್ಗೆ ಯೋಚನೆ ಮಾಡಿದ್ದಾರಲ್ಲ ಅನಿಸುತ್ತದೆ, ಅಲ್ವಾ? ಸಮ್ಮೇಳನದ ಹೆಸರು ‘ಹಾರ್ಟ್ಸ್ ಅಂಡ್ ಹಸ್ಬೆಂಡ್ಸ್’. ಅಂದರೆ, ಹೃದಯ ಮತ್ತು ಗಂಡಂದಿರು! ಗಂಡನಿಗೆ ಹೃದಯಾಘಾತ ಆಗದ ಹಾಗೆ ಹೆಂಡತಿ ಏನು ಮಾಡಬೇಕು, ಆದರೆ ಹೇಗೆ ನೋಡಿಕೊಳ್ಳಬೇಕು ಎಂದು ಹೇಳಿಕೊಡುವುದು ಅದರ ಉದ್ದೇಶ. ಬಂದು ಕೂತವರ ಎದೆಯೊಳಗೂ ಒಂದೊಂದು ಹೃದಯ ಇದೆ, ಅದೂ ಒಂದು ದಿನ ಕೈಕೊಡಬಹುದು ಅನ್ನುವುದು ಅಲ್ಲಿನ ವಿಷಯ ಆಗಿರಲಿಲ್ಲ.

ಆ ಕಾಲದ ಡಾಕ್ಟರುಗಳು ಕೆಟ್ಟವರೂ ಅಲ್ಲ, ದಡ್ಡರೂ ಅಲ್ಲ. ನಲವತ್ತು ಐವತ್ತರ ಗಂಡಸರು ಇದ್ದಕ್ಕಿದ್ದ ಹಾಗೆ ಎದೆ ಹಿಡಿದುಕೊಂಡು ಕುಸಿಯುವುದನ್ನು ಅವರು ಕಣ್ಣಾರೆ ನೋಡುತ್ತಿದ್ದರು. ಹೆಂಗಸರಿಗೂ ಹೃದಯಾಘಾತ ಆಗುತ್ತಿತ್ತು. ಆದರೆ ಸರಾಸರಿ ಏಳೆಂಟು, ಹತ್ತು ವರ್ಷ ತಡವಾಗಿ. ಅಷ್ಟರಲ್ಲಿ ಆಕೆಗೆ ವಯಸ್ಸಾಗಿರುತ್ತಿತ್ತು. ‘ವಯಸ್ಸಾಗಿತ್ತು, ಹೋದರು’ ಅನ್ನುವ ಒಂದು ಮಾತಿನಲ್ಲಿ ಆ ಸಾವು ಮುಗಿದುಹೋಗುತ್ತಿತ್ತು. ಒಟ್ಟು ಲೆಕ್ಕ ತೆಗೆದರೆ ಅಮೆರಿಕದ ಹೆಂಗಸರ ಸಾವಿಗೆ ಮೊದಲ ಕಾರಣ ಆಗಲೂ ಹೃದಯದ ಕಾಯಿಲೆಯೇ, ಈಗಲೂ ಅದೇ. ಲೆಕ್ಕ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ.

ಈ ನಂಬಿಕೆಯನ್ನು ಹಿಡಿದು ಅಲುಗಾಡಿಸಿದವರಲ್ಲಿ ಒಬ್ಬರು ಡಾಕ್ಟರ್ ಬರ್ನಡಿನ್ ಹೀಲಿ. ಅವರು ಎತ್ತಿದ ಪ್ರಶ್ನೆ ಮೇಲ್ನೋಟಕ್ಕೆ ತುಂಬ ಸರಳ. ಒಂದು ಔಷಧ ಹೆಂಗಸರ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಬೇಕಾದರೆ ಹೆಂಗಸರ ಮೇಲೆ ಪರೀಕ್ಷಿಸಿ ನೋಡಬೇಕಲ್ಲವೇ? ಇಷ್ಟು ಸರಳ ಪ್ರಶ್ನೆಗೆ ಉತ್ತರ ಕೊಡಲು ಕೋಟ್ಯಂತರ ಡಾಲರ್, ಒಂದೂವರೆ ಲಕ್ಷಕ್ಕೂ ಜಾಸ್ತಿ ಹೆಂಗಸರು, ಒಂದು ಹೊಸ ಕಾನೂನು ಬೇಕಾಯಿತು. ಬಂದ ಉತ್ತರವೂ ಬಹಳ ಜನ ಕಾದಿದ್ದ ಉತ್ತರ ಆಗಿರಲಿಲ್ಲ.

ನೂರಿಪ್ಪತ್ತರಲ್ಲಿ ಹತ್ತು

ಹೀಲಿ ಹುಟ್ಟಿದ್ದು 1944ರಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಮನೆಯ ನೆಲಮಾಳಿಗೆಯಲ್ಲೇ ಸುಗಂಧ ದ್ರವ್ಯದ ಸಣ್ಣ ವ್ಯಾಪಾರ ಇಟ್ಟುಕೊಂಡಿದ್ದರು. ನಾಲ್ಕೂ ಹೆಣ್ಣುಮಕ್ಕಳು. ಓದಿನಲ್ಲಿ ಹೀಲಿ ಸದಾ ಮುಂದು. ಹಾರ್ವರ್ಡ್ ಮೆಡಿಕಲ್ ಸ್ಕೂಲಿಗೆ ಸೇರಿದಾಗ ತರಗತಿಯಲ್ಲಿ ಇದ್ದವರು 120 ಜನ, ಅದರಲ್ಲಿ ಹೆಂಗಸರು 10. 1970ರಲ್ಲಿ ಪದವಿ ಪಡೆದು ಜಾನ್ಸ್ ಹಾಪ್ಕಿನ್ಸ್‌ಗೆ ಹೋಗಿ ಹೃದ್ರೋಗ ತಜ್ಞೆಯಾದರು.

ಅಲ್ಲಿನ ದಿನಗಳ ಒಂದು ಪ್ರಸಂಗ ಹೇಳಲೇಬೇಕು. ವಿದ್ಯಾರ್ಥಿಗಳ ಒಂದು ಕ್ಲಬ್ಬು ಪ್ರತಿ ವರ್ಷ ಪ್ರಾಧ್ಯಾಪಕರನ್ನು ಗೇಲಿ ಮಾಡುವ ನಾಟಕ ಆಡುತ್ತಿತ್ತು. ಒಂದು ವರ್ಷ ಹೀಲಿಯವರನ್ನು ಅಶ್ಲೀಲವಾಗಿ ಚಿತ್ರಿಸಿದರು. ‘ತಮಾಷೆಗೆ ಮಾಡಿದ್ದು, ಬಿಡಿ’ ಅನ್ನುವುದು ಇಂಥ ಕಡೆ ಎಲ್ಲರೂ ಕೊಡುವ ಸಲಹೆ. ಅವರು ಬಿಡಲಿಲ್ಲ, ಬಹಿರಂಗವಾಗಿಯೇ ಪ್ರತಿಭಟಿಸಿದರು. ಸುಮ್ನೆ ಇದ್ದು ಒಳ್ಳೆಯವರು ಅನಿಸಿಕೊಳ್ಳುವ ಜಾಯಮಾನ ಅವರದಲ್ಲ.

ಆಮೇಲೆ ಬೇಗ ಬೇಗ ಮೇಲೇರಿದರು. 1980ರ ದಶಕದಲ್ಲಿ ಶ್ವೇತಭವನದ ವಿಜ್ಞಾನ ಕಚೇರಿ, ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧನಾ ವಿಭಾಗ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಅಧ್ಯಕ್ಷತೆ. ಹೌದು, ‘ಗಂಡಂದಿರ’ ಸಮ್ಮೇಳನ ಮಾಡಿದ್ದ ಅದೇ ಸಂಸ್ಥೆ. 1991ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್, ಅಂದರೆ ಎನ್‌ಐಎಚ್‌ಗೆ ನಿರ್ದೇಶಕಿಯಾದರು. ಅಮೆರಿಕದ ಸರ್ಕಾರ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವುದು ಮುಖ್ಯವಾಗಿ ಈ ಸಂಸ್ಥೆಯ ಮೂಲಕ. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅವರು.

ಗಂಡು ವೇಷದ ಹುಡುಗಿ

ಅದೇ ವರ್ಷದ ಜುಲೈನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಹೀಲಿ ಒಂದು ಚಿಕ್ಕ ಸಂಪಾದಕೀಯ ಬರೆದರು. ಅದಕ್ಕೆ ಇಟ್ಟ ಹೆಸರು ‘ಯೆಂಟಲ್ ಸಿಂಡ್ರೋಮ್’. ಯೆಂಟಲ್ ಅನ್ನುವವಳು ಐಸಾಕ್ ಬಾಶೆವಿಸ್ ಸಿಂಗರ್ ಅವರ ಕಥೆಯೊಂದರ ಯಹೂದಿ ಹುಡುಗಿ. ಅವಳಿಗೆ ಧರ್ಮಗ್ರಂಥ ಓದುವ ಹುಚ್ಚು. ಹೆಣ್ಣಿಗೆ ಆ ಅವಕಾಶ ಇಲ್ಲ. ಕೂದಲು ಕತ್ತರಿಸಿ, ಗಂಡು ವೇಷ ಹಾಕಿ ಪಾಠಶಾಲೆಗೆ ಸೇರಿಕೊಳ್ಳುತ್ತಾಳೆ. ಗಂಡು ಅಂದುಕೊಂಡ ಮೇಲೆ ಎಲ್ಲ ಬಾಗಿಲೂ ತೆರೆಯುತ್ತವೆ.

ಹೃದಯದ ಆಸ್ಪತ್ರೆಯಲ್ಲಿ ನಡೆಯುವುದೂ ಇದೇ ಎಂದರು ಹೀಲಿ. ಎದೆನೋವು ಅಂತ ಬಂದ ಹೆಂಗಸು ‘ನನ್ನದೂ ಗಂಡಸಿನ ಹೃದಯದ ಹಾಗೇ ಕೆಟ್ಟಿದೆ’ ಎಂದು ಸಾಬೀತು ಮಾಡಬೇಕು. ಆಗ ಮಾತ್ರ ಸರಿಯಾದ ಚಿಕಿತ್ಸೆ.

ಇದು ಬರಿಯ ಮಾತಲ್ಲ. ಅದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾಗಿದ್ದವು. ಒಂದು ಮ್ಯಾಸಚೂಸೆಟ್ಸ್ ಮತ್ತು ಮೇರಿಲ್ಯಾಂಡ್ ರಾಜ್ಯಗಳ ಆಸ್ಪತ್ರೆ ದಾಖಲೆಗಳದ್ದು. ಒಂದೇ ಕಾಯಿಲೆಗೆ ದಾಖಲಾದರೂ ಹೆಂಗಸರಿಗೆ ಆಂಜಿಯೋಗ್ರಾಂ, ಬೈಪಾಸ್ ಎರಡೂ ಕಡಿಮೆ ಆಗಿದ್ದವು. ನನಗೆ ಇನ್ನೂ ಮುಖ್ಯ ಅನಿಸುವುದು ಎರಡನೆಯದು. ಅದರಲ್ಲಿದ್ದವರೆಲ್ಲ ಹೃದಯಾಘಾತ ಆಗಿ ಬದುಕಿ ಉಳಿದವರು. ಆಘಾತಕ್ಕೆ ಮೊದಲು ನಿಮಗೆ ಏನೇನು ಪರೀಕ್ಷೆ ಆಗಿತ್ತು ಎಂದು ನೋಡಿದರು. ಎದೆನೋವು ಹೆಂಗಸರಿಗೂ ಗಂಡಸರಷ್ಟೇ ಬಂದಿತ್ತು. ಅದರಿಂದ ದಿನದ ಕೆಲಸಕ್ಕೆ ತೊಂದರೆ ಆಗಿದ್ದಂತೂ ಹೆಂಗಸರಿಗೇ ಜಾಸ್ತಿ. ಆದರೂ ಹೃದಯದ ರಕ್ತನಾಳಕ್ಕೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಹಾಕಿ ನೋಡಿದ್ದು ಗಂಡಸರಲ್ಲಿ 27.3%, ಹೆಂಗಸರಲ್ಲಿ 15.4%. ಹೆಚ್ಚುಕಡಿಮೆ ಅರ್ಧ.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಸಲ ಕ್ಯಾಥೆಟರ್ ಪರೀಕ್ಷೆ ಆದ ಮೇಲೆ ಬೈಪಾಸ್ ಮಾಡುವುದರಲ್ಲಿ ಗಂಡು ಹೆಣ್ಣಿನ ನಡುವೆ ಅಂಥ ವ್ಯತ್ಯಾಸ ಇರಲಿಲ್ಲ. ಅಂದರೆ ತೊಡಕು ಇದ್ದದ್ದು ಆಪರೇಷನ್ ಥಿಯೇಟರಿನಲ್ಲಿ ಅಲ್ಲ. ಅದಕ್ಕೂ ಎಷ್ಟೋ ಮೊದಲು, ಡಾಕ್ಟರ ಎದುರು ಕೂತು ‘ಎದೆ ಹಿಡಿದ ಹಾಗಾಗುತ್ತೆ’ ಎಂದು ಹೇಳುವ ಆ ಎರಡು ನಿಮಿಷದಲ್ಲಿ. ಯೆಂಟಲ್ ಹೆಸರು ಅದಕ್ಕೇ ಅಷ್ಟು ಚೆನ್ನಾಗಿ ಹೊಂದಿತು. ಬಾಗಿಲಿನ ಒಳಗೆ ಹೋದವಳಿಗೆ ಪಾಠ ಸಿಗುತ್ತಿತ್ತು. ಬಾಗಿಲಲ್ಲೇ ತಡೆ.

ಆ ಎರಡು ನಿಮಿಷದಲ್ಲಿ ಯಾಕೆ ತಪ್ಪುತ್ತದೆ? ಒಂದು ಕಾರಣ ಆಗಲೇ ಹೇಳಿದ ನಂಬಿಕೆ. ಹೆಂಗಸು ಎಂದರೆ ಟೆನ್ಷನ್ ಇರಬೇಕು, ಗ್ಯಾಸ್ಟ್ರಿಕ್ ಇರಬೇಕು. ಇನ್ನೊಂದು ಕಾರಣ ದೇಹದ್ದೇ. ಹೃದಯಾಘಾತದಲ್ಲಿ ಎದೆನೋವು ಹೆಂಗಸರಿಗೂ ಎಲ್ಲಕ್ಕಿಂತ ಸಾಮಾನ್ಯವಾದ ಲಕ್ಷಣವೇ. ‘ಹೆಂಗಸರಿಗೆ ಎದೆನೋವೇ ಬರುವುದಿಲ್ಲ’ ಅನ್ನುವುದು ಈಚೆಗೆ ಹುಟ್ಟಿದ ಇನ್ನೊಂದು ತಪ್ಪು ತಿಳಿವಳಿಕೆ. ಆದರೆ ಅದರ ಜೊತೆಗೆ ಉಸಿರು ಕಟ್ಟುವುದು, ವಾಕರಿಕೆ, ವಿಪರೀತ ಸುಸ್ತು, ಬೆನ್ನು ದವಡೆ ನೋವು ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತವೆ. ರೋಗಿ ಮೊದಲು ಸುಸ್ತಿನ ಮಾತು ತೆಗೆದರೆ ಡಾಕ್ಟರ ಗಮನವೂ ಅತ್ತಲೇ ಹೋಗುತ್ತದೆ.

ಪರೀಕ್ಷೆಗಳದ್ದೂ ಅದೇ ಕಥೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿ ತೆಗೆಯುವ ಪರೀಕ್ಷೆ ಹೆಂಗಸರಲ್ಲಿ ಅಷ್ಟು ನಿಖರವಲ್ಲ. ಆಂಜಿಯೋಗ್ರಾಂ ತೋರಿಸುವುದು ದೊಡ್ಡ ರಕ್ತನಾಳದ ತಡೆಯನ್ನು. ಕೂದಲೆಳೆಯಂಥ ಸಣ್ಣ ನಾಳಗಳು ಸರಿಯಾಗಿ ಹಿಗ್ಗದೆ ಹೃದಯಕ್ಕೆ ರಕ್ತ ಸಾಲದಿದ್ದರೆ ಅದರಲ್ಲಿ ಕಾಣುವುದಿಲ್ಲ. ಈ ತೊಂದರೆ ಹೆಂಗಸರಲ್ಲಿ ಜಾಸ್ತಿ. ‘ರಿಪೋರ್ಟ್ ಕ್ಲೀನ್ ಇದೆ, ನಿಮಗೇನೂ ಆಗಿಲ್ಲ’ ಎಂದು ಕಳಿಸಿದರೆ ಆಕೆಯ ನೋವು ಮನೆಗೆ ಆಕೆಯ ಜೊತೆಗೇ ಹೋಗುತ್ತದೆ.

ಕಾಪಾಡಲು ಹೋಗಿ ಹೊರಗಿಟ್ಟರು

ಹೆಂಗಸರ ಬಗ್ಗೆ ಇಷ್ಟು ಕಡಿಮೆ ಯಾಕೆ ಗೊತ್ತಿತ್ತು? ಅವರನ್ನು ಅಧ್ಯಯನಕ್ಕೇ ಸೇರಿಸಿಕೊಳ್ಳುತ್ತಿರಲಿಲ್ಲ. ಕೆಲವು ಲೆಕ್ಕ ನೋಡಿ. ಆಸ್ಪಿರಿನ್ ತಿಂದರೆ ಮೊದಲ ಹೃದಯಾಘಾತ ತಪ್ಪುತ್ತದೆಯೇ ಎಂದು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ 22,071 ಡಾಕ್ಟರುಗಳಿದ್ದರು, ಅಷ್ಟೂ ಗಂಡಸರು. ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಶುರುವಾದ ಮುಪ್ಪಿನ ಅಧ್ಯಯನಕ್ಕೆ ಹೆಂಗಸರನ್ನು ಸೇರಿಸಿದ್ದು 1978ರಲ್ಲಿ. ಮುಪ್ಪು ಗಂಡಸರಿಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದರೇನೋ.

ಎಲ್ಲಕ್ಕಿಂತ ವಿಚಿತ್ರ ಇದು. 1966ರಲ್ಲಿ ಶುರುವಾದ ‘ಕರೋನರಿ ಡ್ರಗ್ ಪ್ರಾಜೆಕ್ಟ್’ ಎಂಬ ಪ್ರಯೋಗದಲ್ಲಿ ಈಸ್ಟ್ರೋಜನ್ ಕೊಟ್ಟರೆ ಹೃದಯಕ್ಕೆ ಒಳ್ಳೆಯದೇ ಎಂದು ನೋಡಿದರು. ಈಸ್ಟ್ರೋಜನ್ ಅಂದರೆ ಹೆಣ್ಣಿನ ಹಾರ್ಮೋನು. ಆ ಪ್ರಯೋಗದಲ್ಲಿದ್ದ 8,341 ಜನರೂ ಗಂಡಸರು! ಹೆಚ್ಚು ಡೋಸಿನ ಗುಂಪಿನಲ್ಲಿ ಹೃದಯದ ತೊಂದರೆ ಇನ್ನೂ ಜಾಸ್ತಿಯಾಗಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಂಗಸರನ್ನು ಹೊರಗಿಡಲು ಕಾರಣಗಳೂ ಇದ್ದವು. 1960ರ ಆಸುಪಾಸಿನಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ತೆಗೆದುಕೊಂಡ ಗರ್ಭಿಣಿಯರಿಗೆ ಕೈಕಾಲು ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟಿದರು. ಗರ್ಭಪಾತ ತಡೆಯುತ್ತದೆ ಎಂದು ಕೊಟ್ಟ ಡಿಇಎಸ್ ಎಂಬ ಇನ್ನೊಂದು ಔಷಧದಿಂದ, ಹೊಟ್ಟೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಬೆಳೆದ ಮೇಲೆ ಅಪರೂಪದ ಕ್ಯಾನ್ಸರ್ ಬಂದದ್ದು 1971ರಲ್ಲಿ ಗೊತ್ತಾಯಿತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಮಾರ್ಗಸೂಚಿ ತಂದಿತು. ಗರ್ಭ ಧರಿಸಬಲ್ಲ ಹೆಂಗಸರನ್ನು ಹೊಸ ಔಷಧಗಳ ಆರಂಭದ ಹಂತದ ಪ್ರಯೋಗಗಳಿಗೆ ಸೇರಿಸಬಾರದು. ‘ಧರಿಸಬಲ್ಲ’ ಅಂದರೆ ಗರ್ಭಿಣಿ ಅಂತಲ್ಲ. ಮದುವೆಯಾಗದವಳು, ಗರ್ಭನಿರೋಧಕ ಬಳಸುವವಳು, ಮಕ್ಕಳು ಬೇಡ ಅಂದವಳು, ಎಲ್ಲರೂ ಹೊರಗೆ.

ಇದರ ಜೊತೆಗೆ ಸಂಶೋಧಕರದ್ದೇ ಒಂದು ವಾದ ಇತ್ತು. ಹೆಣ್ಣಿನ ದೇಹದಲ್ಲಿ ಹಾರ್ಮೋನು ತಿಂಗಳಿಡೀ ಏರಿಳಿಯುತ್ತಿರುತ್ತದೆ, ಲೆಕ್ಕ ಗೋಜಲಾಗುತ್ತದೆ, ಗಂಡಸರಾದರೆ ಸಲೀಸು ಎಂದು. ಈ ವಾದವನ್ನು ಒಂದು ಗಳಿಗೆ ಒರೆಗೆ ಹಚ್ಚಿ ನೋಡಿ. ಗಂಡು ಹೆಣ್ಣಿನ ದೇಹ ಒಂದೇ ಥರ ಆಗಿದ್ದರೆ ಹೆಂಗಸರನ್ನು ಸೇರಿಸಲು ಏನು ತೊಂದರೆ? ಬೇರೆ ಬೇರೆ ಆಗಿದ್ದರೆ ಗಂಡಸರ ಮೇಲೆ ನೋಡಿದ ಫಲಿತಾಂಶವನ್ನು ಹೆಂಗಸರಿಗೆ ಹೇಗೆ ಅನ್ವಯಿಸುವುದು? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವೈದ್ಯಶಾಸ್ತ್ರ ಎರಡನ್ನೂ ಒಟ್ಟಿಗೆ ನಂಬಿಕೊಂಡು ದಶಕಗಳೇ ಕಳೆದವು. ಪರೀಕ್ಷೆಯ ಹೊತ್ತಿನಲ್ಲಿ ‘ನೀವು ಬೇರೆ’, ಔಷಧ ಬರೆದುಕೊಡುವ ಹೊತ್ತಿನಲ್ಲಿ ‘ನೀವೂ ಅವರ ಹಾಗೇ’.

ಕಾಪಾಡುತ್ತೇವೆ ಎಂದು ಹೊರಗಿಟ್ಟರೂ ಔಷಧ ಅವರ ಹೊಟ್ಟೆ ಸೇರುವುದೇನೂ ತಪ್ಪಲಿಲ್ಲ. ಪ್ರಯೋಗದಲ್ಲಿ ನೂರಾರು ಜನರ ಮೇಲೆ, ಡಾಕ್ಟರ ಕಣ್ಣೆದುರು ಆಗಬೇಕಾದ ಪರೀಕ್ಷೆ, ಮಾರುಕಟ್ಟೆಗೆ ಬಂದ ಮೇಲೆ ಲಕ್ಷಾಂತರ ಜನರ ಮೇಲೆ, ಯಾರೂ ನೋಡದ ಕಡೆ ಆಗುತ್ತಿತ್ತು.

ಹೀಲಿ ಬರುವ ಹೊತ್ತಿಗೆ ನೆಲ ಹದವಾಗಿತ್ತು ಅನ್ನುವುದನ್ನೂ ಹೇಳಬೇಕು. ಹೆಂಗಸರನ್ನು ಅಧ್ಯಯನಗಳಲ್ಲಿ ಸೇರಿಸಿಕೊಳ್ಳಿ ಎಂದು 1986ರಲ್ಲೇ ಎನ್‌ಐಎಚ್ ಹೇಳಿತ್ತು. ಹೇಳಿತ್ತು, ಅಷ್ಟೇ. 1990ರಲ್ಲಿ ಸರ್ಕಾರದ ಲೆಕ್ಕಪರಿಶೋಧಕರು ನೋಡಿದಾಗ ಅದು ಸರಿಯಾಗಿ ಜಾರಿಯಾಗಿಲ್ಲ ಎಂದು ಗೊತ್ತಾಯಿತು. ಆ ತನಿಖೆಗೆ ಒತ್ತಾಯಿಸಿದ್ದು ಪೆಟ್ರೀಷಿಯಾ ಶ್ರೋಡರ್, ಒಲಿಂಪಿಯಾ ಸ್ನೋ ಅವರಂಥ ಸಂಸದೆಯರು. ಒಬ್ಬರು ಡೆಮಾಕ್ರಟಿಕ್, ಇನ್ನೊಬ್ಬರು ರಿಪಬ್ಲಿಕನ್. ಅದೇ ವರ್ಷ ಎನ್‌ಐಎಚ್‌ನಲ್ಲಿ ಮಹಿಳಾ ಆರೋಗ್ಯ ಸಂಶೋಧನೆಗೆಂದೇ ಒಂದು ಕಚೇರಿ ಶುರುವಾಯಿತು. ಅದರ ಮೊದಲ ಪೂರ್ಣಾವಧಿ ನಿರ್ದೇಶಕಿ ಡಾಕ್ಟರ್ ವಿವಿಯನ್ ಪಿನ್. ವರ್ಜೀನಿಯಾ ವಿಶ್ವವಿದ್ಯಾಲಯದ 1967ರ ವೈದ್ಯಕೀಯ ತರಗತಿಯಲ್ಲಿ ಅವರು ಒಬ್ಬರೇ ಹೆಂಗಸು, ಒಬ್ಬರೇ ಕಪ್ಪು ವಿದ್ಯಾರ್ಥಿ. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಒಂದು ಲಕ್ಷದ ಅರವತ್ತೊಂದು ಸಾವಿರ ಹೆಂಗಸರು

ಎನ್‌ಐಎಚ್‌ಗೆ ಬಂದ ಕೆಲವೇ ದಿನಗಳಲ್ಲಿ ಹೀಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಘೋಷಿಸಿದರು. 62.5 ಕೋಟಿ ಡಾಲರ್ ಯೋಜನೆ. 40 ಕೇಂದ್ರಗಳಲ್ಲಿ, ಮುಟ್ಟು ನಿಂತ, 50ರಿಂದ 79 ವರ್ಷದ 1,61,808 ಹೆಂಗಸರು ಸೇರಿದರು. ಕಡಿಮೆ ಕೊಬ್ಬಿನ ಊಟ, ಕ್ಯಾಲ್ಸಿಯಂ ಜೊತೆ ವಿಟಮಿನ್ ಡಿ, ಹಾರ್ಮೋನು ಮಾತ್ರೆ, ಮೂರನ್ನೂ ಪರೀಕ್ಷೆಗೆ ಇಟ್ಟರು. ಮೊದಲ ಎರಡರ ಫಲಿತಾಂಶ ಸಪ್ಪೆಯಾಗಿಯೇ ಬಂತು. ಅಸಲಿ ಕಥೆ ಹಾರ್ಮೋನಿನದ್ದು.

ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುಟ್ಟು ನಿಂತಾಗ ದೇಹದಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಆಮೇಲೆ ಹೆಂಗಸರಲ್ಲಿ ಹೃದಯದ ಕಾಯಿಲೆ ಏರುತ್ತದೆ. ಹಾಗಾದರೆ ಇಳಿದ ಈಸ್ಟ್ರೋಜನ್ನನ್ನು ಮಾತ್ರೆಯಲ್ಲಿ ವಾಪಸ್ ಕೊಟ್ಟರೆ? ತರ್ಕ ಅಚ್ಚುಕಟ್ಟಾಗಿದೆ. ಈಸ್ಟ್ರೋಜನ್ನಿನಿಂದ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದೂ ನಿಜ. 1976ರಲ್ಲಿ ಶುರುವಾದ, 1,21,700 ನರ್ಸುಗಳ ದೊಡ್ಡ ಅಧ್ಯಯನದಲ್ಲೂ ಹಾರ್ಮೋನು ತೆಗೆದುಕೊಳ್ಳುವವರಿಗೆ ಹೃದಯದ ಕಾಯಿಲೆ ಕಡಿಮೆ ಕಂಡಿತ್ತು. ಲಕ್ಷಾಂತರ ಹೆಂಗಸರಿಗೆ ಡಾಕ್ಟರುಗಳು ಇದನ್ನು ಬರೆದುಕೊಡುತ್ತಿದ್ದರು. ಬಿಸಿ ಏರಿ ಬೆವರುವುದಕ್ಕೆ ಮಾತ್ರ ಅಲ್ಲ, ಹೃದಯದ ರಕ್ಷಣೆಗೆ ಅಂತಲೂ.

ಇಂಥ ಅಧ್ಯಯನದಲ್ಲಿ ಒಂದು ಕುಳಿ ಇರುತ್ತದೆ. ಅಲ್ಲಿ ಯಾರು ಮಾತ್ರೆ ತಿನ್ನಬೇಕು ಎಂದು ಸಂಶೋಧಕರು ನಿರ್ಧರಿಸಿರುವುದಿಲ್ಲ. ಹೆಂಗಸರೇ ನಿರ್ಧರಿಸಿರುತ್ತಾರೆ. ಹಾರ್ಮೋನು ಕೇಳಿ ಪಡೆಯುವವಳು ಯಾರು? ಡಾಕ್ಟರ ಹತ್ತಿರ ತಪ್ಪದೆ ಹೋಗುವವಳು, ಕೈಯಲ್ಲಿ ಸ್ವಲ್ಪ ದುಡ್ಡಿರುವವಳು, ವ್ಯಾಯಾಮ ಮಾಡುವವಳು, ಸಿಗರೇಟು ಮುಟ್ಟದವಳು. ಆಕೆಯ ಹೃದಯ ಮೊದಲೇ ಗಟ್ಟಿ. ಮಾತ್ರೆಯಿಂದ ಆರೋಗ್ಯ ಬಂತೋ, ಆರೋಗ್ಯ ಇದ್ದವರೇ ಮಾತ್ರೆ ತಿಂದರೋ? ದೂರದಿಂದ ನೋಡುತ್ತಾ ಕೂತರೆ ಬಿಡಿಸಲು ಬಹಳ ಕಷ್ಟ.

ಬಿಡಿಸುವ ದಾರಿ ಒಂದಿದೆ. ಆಯ್ಕೆಯನ್ನು ರೋಗಿಯಿಂದಲೂ ಡಾಕ್ಟರಿಂದಲೂ ಕಿತ್ತುಕೊಂಡು ಅದೃಷ್ಟಕ್ಕೆ ಕೊಡುವುದು. ನಾಣ್ಯ ಚಿಮ್ಮಿದ ಹಾಗೆ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಅದೇ ಥರ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಆಗ ಶ್ರೀಮಂತರು, ಬಡವರು, ವ್ಯಾಯಾಮ ಮಾಡುವವರು, ಮಾಡದವರು, ಎಲ್ಲರೂ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತಾರೆ. ಕೊನೆಗೆ ಉಳಿಯುವ ವ್ಯತ್ಯಾಸ ಮಾತ್ರೆಯದ್ದೇ.

ಈ ಥರ 16,608 ಹೆಂಗಸರ ಮೇಲೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಸೇರಿದ ಮಾತ್ರೆಯನ್ನು ನೋಡಿದರು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಕ್ಯಾನ್ಸರ್ ಭಯ, ಹಾಗಾಗಿ ಪ್ರೊಜೆಸ್ಟಿನ್ ಜೊತೆಗಿರಬೇಕು. ಎಂಟೂವರೆ ವರ್ಷ ನಡೆಯಬೇಕಿದ್ದ ಪ್ರಯೋಗವನ್ನು 2002ರ ಜುಲೈನಲ್ಲಿ, ಸರಾಸರಿ 5.2 ವರ್ಷಕ್ಕೇ ನಿಲ್ಲಿಸಿದರು. ಹೃದಯವನ್ನು ಕಾಪಾಡಬೇಕಿದ್ದ ಮಾತ್ರೆ ಕಾಪಾಡಲಿಲ್ಲ. ಹೃದಯದ ಕಾಯಿಲೆ, ಪಾರ್ಶ್ವವಾಯು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಸ್ತನ ಕ್ಯಾನ್ಸರ್, ನಾಲ್ಕೂ ಹೆಚ್ಚಾಗಿದ್ದವು. ಸೊಂಟದ ಮೂಳೆ ಮುರಿಯುವುದು, ದೊಡ್ಡ ಕರುಳಿನ ಕ್ಯಾನ್ಸರ್, ಇವೆರಡು ಕಡಿಮೆಯಾಗಿದ್ದವು.

ಮರುದಿನದ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಶೇಕಡಾವಾರು ಲೆಕ್ಕ. ಸ್ತನ ಕ್ಯಾನ್ಸರ್ 26% ಹೆಚ್ಚು! ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅದೇ ಅಂಕಿಯನ್ನು ಬೇರೆ ಥರ ಹೇಳಿ ನೋಡೋಣ. ಹುಸಿ ಮಾತ್ರೆ ತಿಂದ 10,000 ಹೆಂಗಸರಲ್ಲಿ ಒಂದು ವರ್ಷಕ್ಕೆ 30 ಜನಕ್ಕೆ ಸ್ತನ ಕ್ಯಾನ್ಸರ್ ಬಂತು. ಹಾರ್ಮೋನು ತಿಂದ 10,000ದಲ್ಲಿ 38 ಜನಕ್ಕೆ. ಹೆಚ್ಚಾದದ್ದು ಎಂಟು. ಎರಡೂ ನಿಜ. 30ಕ್ಕೆ ಹೋಲಿಸಿದರೆ ಎಂಟು ದೊಡ್ಡದು, 10,000ಕ್ಕೆ ಹೋಲಿಸಿದರೆ ಸಣ್ಣದು. ಹೃದಯದ ಕಾಯಿಲೆ 30 ಇದ್ದದ್ದು 37 ಆಗಿತ್ತು, ಪಾರ್ಶ್ವವಾಯು 21 ಇದ್ದದ್ದು 29. ಒಬ್ಬಳೇ ಹೆಂಗಸಿನ ಮಟ್ಟಿಗೆ ಅಪಾಯ ಚಿಕ್ಕದೇ. ಆದರೆ ಆರೋಗ್ಯವಾಗಿರುವ ಲಕ್ಷಾಂತರ ಜನಕ್ಕೆ ‘ಇದು ನಿಮ್ಮ ಹೃದಯಕ್ಕೆ ಒಳ್ಳೆಯದು’ ಎಂದು ಹೇಳಿ ಕೊಡುವಾಗ ಆ ಚಿಕ್ಕ ಸಂಖ್ಯೆ ಸಾವಿರಗಟ್ಟಲೆ ಆಗುತ್ತದೆ. ಔಷಧದ ಸುದ್ದಿಯಲ್ಲಿ ಶೇಕಡಾ ಕಂಡಾಗಲೆಲ್ಲ ‘ಎಷ್ಟರಲ್ಲಿ?’ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಈ ಲೆಕ್ಕ ಓದಿದ ಮೇಲೆ.

ಗರ್ಭಕೋಶ ತೆಗೆಸಿಕೊಂಡಿದ್ದ 10,739 ಹೆಂಗಸರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟ ಇನ್ನೊಂದು ಪ್ರಯೋಗ 2004ರಲ್ಲಿ ನಿಂತಿತು. ಅಲ್ಲೂ ಪಾರ್ಶ್ವವಾಯು ಹೆಚ್ಚಾಗಿತ್ತು, ಹೃದಯಕ್ಕೆ ಲಾಭ ಇರಲಿಲ್ಲ. ಆದರೆ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಅಂದರೆ ‘ಹಾರ್ಮೋನು’ ಅನ್ನುವ ಒಂದೇ ಪದದ ಕೆಳಗೆ ಬೇರೆ ಬೇರೆ ಔಷಧಗಳಿವೆ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗಂಡಸರಿಗೆ ಈಸ್ಟ್ರೋಜನ್ ಕೊಟ್ಟ ಆ ಹಳೆಯ ಪ್ರಯೋಗ ನೆನಪಿದೆಯಲ್ಲ? ಅಲ್ಲಿ ತೊಂದರೆ ಕಂಡಾಗ ಸದ್ದಿಲ್ಲದೆ ಗಂಡಸರಿಗೆ ಕೊಡುವುದನ್ನು ಬಿಟ್ಟರು. ಅದೇ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ, ಆರೋಗ್ಯವಂತ ಹೆಂಗಸರ ಮಟ್ಟಿಗೆ ಕೇಳಿ ಉತ್ತರ ಪಡೆಯಲು 2002 ಆಗಬೇಕಾಯಿತು.

ತಕರಾರುಗಳು

ಈ ಅಧ್ಯಯನದ ಬಗ್ಗೆ ಶುರುವಿನಿಂದಲೂ ಆಕ್ಷೇಪಗಳಿದ್ದವು. ಖರ್ಚು ಜಾಸ್ತಿ, ವಿನ್ಯಾಸ ಸರಿಯಿಲ್ಲ ಎಂದು 1993ರಲ್ಲೇ ತಜ್ಞರ ಸಮಿತಿಯೊಂದು ಟೀಕಿಸಿತ್ತು. ಗಟ್ಟಿಯಾದ ಆಕ್ಷೇಪ ಬಂದದ್ದು ಆಮೇಲೆ. ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮುಟ್ಟು ನಿಲ್ಲುವ ತೊಂದರೆಗೆ ಹಾರ್ಮೋನು ಕೇಳಿ ಬರುವವರಿಗೆ ಐವತ್ತರ ಆಸುಪಾಸು. ಆ ಹೊತ್ತಿಗೆ ರಕ್ತನಾಳ ಇನ್ನೂ ಮೆತ್ತಗಿರುತ್ತದೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಹಾರ್ಮೋನು ಶುರು ಮಾಡುವುದೂ ಆಗಲೇ ಶುರು ಮಾಡುವುದೂ ಒಂದೇ ಅಲ್ಲ. ಅದೇ ಅಧ್ಯಯನದ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಈ ವ್ಯತ್ಯಾಸದ ಸುಳಿವೂ ಸಿಕ್ಕಿತು.

ಆದರೆ 2002ರ ಸುದ್ದಿ ಅಷ್ಟು ತಾಳ್ಮೆಯಿಂದ ಹರಡಲಿಲ್ಲ. ಹಾರ್ಮೋನು ಬರೆದುಕೊಡುವುದೇ ಕುಸಿದುಬಿತ್ತು. ರಾತ್ರಿಯಿಡೀ ಬೆವರಿ ನಿದ್ದೆಗೆಟ್ಟ ಐವತ್ತರ ಹೆಂಗಸಿಗೂ ‘ಅದು ಡೇಂಜರ್’ ಎನ್ನುವ ಉತ್ತರ ಸಿಕ್ಕಿತು. ಈಗ ವೈದ್ಯಕೀಯ ಸಂಘಗಳು ಹೇಳುವುದು ಹೆಚ್ಚುಕಡಿಮೆ ಇಷ್ಟು: 60 ವರ್ಷದೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದ, ಬೇರೆ ಅಡ್ಡಿ ಇಲ್ಲದ ಹೆಂಗಸರಿಗೆ ಬಿಸಿ ಏರುವ ತೊಂದರೆ ಕಾಡುತ್ತಿದ್ದರೆ ಹಾರ್ಮೋನಿನ ಲಾಭವೇ ಹೆಚ್ಚು. ಹೃದಯ ಕಾಪಾಡಲಿ ಎಂದು ಮಾತ್ರ ತಿನ್ನಬೇಡಿ.

ಹೀಲಿಯವರ ಬಗ್ಗೆಯೂ ತಕರಾರು ಕಡಿಮೆ ಇರಲಿಲ್ಲ. ಗರ್ಭಪಾತದಿಂದ ಸಿಗುವ ಭ್ರೂಣದ ಅಂಗಾಂಶ ಬಳಸಿ ಸಂಶೋಧನೆ ಮಾಡಬಹುದು ಎಂದು ಹಿಂದೆ ಒಂದು ಸಮಿತಿಯಲ್ಲಿ ಅವರೇ ಹೇಳಿದ್ದರು. ಎನ್‌ಐಎಚ್ ಕುರ್ಚಿಯಲ್ಲಿ ಕೂತ ಮೇಲೆ ಅಧ್ಯಕ್ಷ ಬುಷ್ ಸರ್ಕಾರದ ನಿಷೇಧದ ಪರ ನಿಂತರು. ಜೀನ್‌ಗಳಿಗೆ ಪೇಟೆಂಟ್ ಕೇಳುವ ವಿಷಯದಲ್ಲಿ, ಎನ್‌ಐಎಚ್‌ನಲ್ಲೇ ಮಾನವ ಜೀನೋಮ್ ಯೋಜನೆಯ ಮುಖ್ಯಸ್ಥರಾಗಿದ್ದ ಡಿಎನ್‌ಎ ಖ್ಯಾತಿಯ ಜೇಮ್ಸ್ ವಾಟ್ಸನ್ ಜೊತೆ ಜಗಳವಾಗಿ, ವಾಟ್ಸನ್ 1992ರಲ್ಲಿ ಹುದ್ದೆ ಬಿಟ್ಟರು. ಹೆಂಗಸರನ್ನು ಪ್ರಯೋಗಕ್ಕೆ ಸೇರಿಸುವುದನ್ನು ಕಡ್ಡಾಯ ಮಾಡಿದ ಕಾನೂನಿಗೆ 1993ರ ಜೂನ್ 10ರಂದು ಸಹಿ ಹಾಕಿದ್ದು ಹೊಸ ಅಧ್ಯಕ್ಷ ಕ್ಲಿಂಟನ್. ಅದೇ ತಿಂಗಳು ಹೀಲಿ ಎನ್‌ಐಎಚ್ ಬಿಟ್ಟರು. 1977ರ ಮಾರ್ಗಸೂಚಿಯನ್ನು ಎಫ್‌ಡಿಎ ವಾಪಸ್ ತೆಗೆದುಕೊಂಡದ್ದೂ ಅದೇ ವರ್ಷ.

ಕೇಳಿದರೆ ಏನು ಸಿಗುತ್ತದೆ

ಗಂಡು ಡಾಕ್ಟರುಗಳ ಆಸ್ಪಿರಿನ್ ಅಧ್ಯಯನಕ್ಕೆ ಮತ್ತೆ ಬರೋಣ. ಅದರಲ್ಲಿ ಮೊದಲ ಹೃದಯಾಘಾತ 44% ಕಡಿಮೆಯಾಗಿತ್ತು. ಪಾರ್ಶ್ವವಾಯು ಕಡಿಮೆಯಾಗಿರಲಿಲ್ಲ. ಅದೇ ಪ್ರಶ್ನೆಯನ್ನು 39,876 ಹೆಂಗಸರ ಮೇಲೆ ನೋಡಿದ ಅಧ್ಯಯನ 2005ರಲ್ಲಿ ಹೊರಬಂತು. ಹತ್ತು ವರ್ಷ, ದಿನ ಬಿಟ್ಟು ದಿನ 100 ಮಿಲಿಗ್ರಾಂ ಆಸ್ಪಿರಿನ್. ಹೃದಯಾಘಾತ ಕಡಿಮೆಯಾಗಲಿಲ್ಲ. ಪಾರ್ಶ್ವವಾಯು 17% ಕಡಿಮೆಯಾಯಿತು. ಉತ್ತರ ಸರೀ ತಿರುಗುಮುರುಗು! ಡೋಸು, ವಯಸ್ಸು, ಕಾಲ ಎರಡರಲ್ಲೂ ಒಂದೇ ಇರಲಿಲ್ಲ, ಹಾಗಾಗಿ ಎಲ್ಲವೂ ಗಂಡು ಹೆಣ್ಣಿನ ವ್ಯತ್ಯಾಸವೇ ಎಂದು ಹೇಳಲಾಗದು. ಆದರೆ ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದ್ದರೆ ಪೂರ್ತಿ ತಪ್ಪುತ್ತಿತ್ತು.

ಇಷ್ಟೆಲ್ಲ ಆದರೂ ಹಳೆಯ ಅಭ್ಯಾಸ ಒಂದೇ ಕಾನೂನಿಗೆ ಹೋಗುವುದಿಲ್ಲ. ಹೆಂಗಸರನ್ನು ಸೇರಿಸಿಕೊಂಡ ಮೇಲೂ ಫಲಿತಾಂಶವನ್ನು ಗಂಡು ಹೆಣ್ಣು ಎಂದು ಬೇರೆ ಮಾಡಿ ಪ್ರಕಟಿಸದಿದ್ದರೆ ಸೇರಿಸಿಕೊಂಡದ್ದು ಲೆಕ್ಕಕ್ಕೆ ಮಾತ್ರ. ಮನುಷ್ಯರಿಗಿಂತ ಮೊದಲು ಪ್ರಯೋಗ ನಡೆಯುವುದು ಇಲಿಗಳ ಮೇಲೆ, ಅಲ್ಲೂ ಬಹುಕಾಲ ಇದ್ದದ್ದು ಬಹುಪಾಲು ಗಂಡಿಲಿಗಳೇ. ಪ್ರಾಣಿಗಳ ಪ್ರಯೋಗದಲ್ಲೂ ಎರಡನ್ನೂ ಪರಿಗಣಿಸಬೇಕು ಎನ್ನುವ ಎನ್‌ಐಎಚ್ ನಿಯಮ ಜಾರಿಗೆ ಬಂದದ್ದು 2016ರಲ್ಲಿ.

ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆ ಇದೆ. ಮೊದಲು ಗಂಡಸರಿಗೂ ಹೆಂಗಸರಿಗೂ ಡೋಸು ಒಂದೇ ಇತ್ತು, 10 ಮಿಲಿಗ್ರಾಂ. ಹೆಂಗಸರ ದೇಹದಿಂದ ಈ ಔಷಧ ನಿಧಾನವಾಗಿ ಹೊರಹೋಗುತ್ತದೆ. ರಾತ್ರಿ ತಿಂದು ಮಲಗಿ, ಎಂಟು ಗಂಟೆ ಕಳೆದು ಎದ್ದಾಗಲೂ 15% ಹೆಂಗಸರ ರಕ್ತದಲ್ಲಿ ಕಾರು ಓಡಿಸುವುದು ಅಪಾಯ ಅನಿಸುವಷ್ಟು ಔಷಧ ಉಳಿದಿರುತ್ತಿತ್ತು. ಗಂಡಸರಲ್ಲಿ 3%. ಎಫ್‌ಡಿಎ ಹೆಂಗಸರ ಡೋಸನ್ನು 5 ಮಿಲಿಗ್ರಾಂಗೆ, ಅಂದರೆ ನೇರ ಅರ್ಧಕ್ಕೆ ಇಳಿಸಿತು. ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ, ಹೀಲಿ ಎನ್‌ಐಎಚ್ ನಿರ್ದೇಶಕಿಯಾಗಿದ್ದಾಗ. ಡೋಸು ಇಳಿದದ್ದು 2013ರ ಜನವರಿಯಲ್ಲಿ. ಅಷ್ಟರಲ್ಲಿ ಹೀಲಿ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡು ಒಂದೂವರೆ ವರ್ಷ ಆಗುತ್ತಾ ಬಂದಿತ್ತು.